ಜಾಯಿಕಾಯಿ ಎಂಟು ಸುತ್ತು

ಬಂಡೂರು
13 ಜುಲೈ 2025

ಮೊಮ್ಮಗಳು ಚೈತನ್ಯಾಗೆ ಅಜ್ಜಿ ಬೀರಮ್ಮ ಇಲ್ಲಿಂದಲೇ ತಲೆ ಸವರಿ ಬರೆಯುತ್ತಿರುವುದು.

ನಿನ್ನ ಗಂಡ ಕನಕರಾಜು ಬ್ಲಫ್‌ನ ಪವರ್‌ಹೌಸಿನಲ್ಲಿ ಪಾಳಿ ಮುಗಿಸಿ, ಮಂಡ್ಯಕ್ಕೆ ಹೊರಟವನು, ಹಾಗೇ ಇಲ್ಲಿಗೂ ಬಂದಿದ್ದ. ನನ್ನ ಕಿವಿ ಹತ್ತಿರ ಬಾಯಿಟ್ಟು ಕೂಗಿ ಹೇಳಿದ. 'ಹೆಣ್ಣು' ಅನ್ನುವುದೊಂದು ಕೇಳಿಸಿತು, ಉಳಿದದ್ದು ಕೇಳಲಿಲ್ಲ. ಕೊನೆಗೆ ಸ್ಲೇಟು ಕೊಟ್ಟು ಬರೆಸಿಕೊಂಡೆ. ಹುಟ್ಟಿದಾಗ ಅಳಲಿಲ್ಲ. ಎರಡನೇ ದಿನ ಫಿಟ್ಸ್ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ನಿದ್ದೆ ಬರುವ ಔಷಧಿ ಕೊಡುತ್ತಿದ್ದಾರೆ. ಇಷ್ಟು ಬರೆದು ಸ್ಲೇಟನ್ನು ತಾನೇ ಒರೆಸಿಬಿಟ್ಟ. ಇನ್ನೊಂದು ಸಲ ಓದಲು ಆಗಲಿಲ್ಲ.

ನೀನು ಫೋನು ಮಾಡಬೇಡ. ಕಿವಿಗಿಟ್ಟುಕೊಂಡರೆ ಹಿಟ್ಟಿನ ಮಿಷನ್ನಿನ ಒಳಗೆ ನಿಂತ ಹಾಗಾಗುತ್ತದೆ, ಅಷ್ಟೇ. ಕಾಗದ ಬರಿ, ಕನಕರಾಜು ತರುತ್ತಾನೆ. ನಿಮ್ಮಮ್ಮ ಮಾಯಿ ಮೂರನೇ ಕ್ಲಾಸು ಓದುವಾಗ ಅವಳ ಪುಸ್ತಕ ನೋಡಿಕೊಂಡೇ ನಾನು ಅಕ್ಷರ ಕಲಿತದ್ದು. ಅವಳು ನನ್ನ ಕೈಗೆ ಏಟು ಕೊಟ್ಟು ತಿದ್ದಿಸೋಳು. ಕೇಳು ಬೇಕಾದರೆ, ನಿನ್ನ ಪಕ್ಕದಲ್ಲೇ ಇದ್ದಾಳಲ್ಲ.

ಕೂಸು ಹುಟ್ಟಿತು ಅಂದ ತಕ್ಷಣ ನಿಮ್ಮ ಶಿವರಾಮು ಮಾವ ಅಟ್ಟದಿಂದ ಸಾಣೆಕಲ್ಲು ಇಳಿಸಿ ತೊಳೆದಿಟ್ಟ. ಯಾರ ಮನೆಯಲ್ಲಿ ಕೂಸಾದರೂ ಆ ಕಲ್ಲಿನ ಮೇಲೆ ಬಜೆ, ಜಾಯಿಕಾಯಿ ತೇದು ಕೊಡುವುದನ್ನು ಕಂಡವನಲ್ಲವೆ. 'ತೇಯಿ ಕಣವ್ವ' ಅಂತ ನನ್ನ ಮುಂದೆ ಇಟ್ಟ. ನಾನು ಮತ್ತೆ ಅಟ್ಟಕ್ಕೆ ಹಾಕಿಸಿದೆ. ಅವನಿಗೆ ಬೇಜಾರಾಯಿತು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಅಜ್ಜಿ,
ಬೀರಮ್ಮ

*

ಮಂಡ್ಯ
17 ಜುಲೈ 2025

ಅಜ್ಜಿ,

ಇಲ್ಲಿ ತಾಯಂದಿರ ಕೋಣೆಯಲ್ಲಿ ಕೂತು ಬರೀತಿದ್ದೀನಿ. ಒಳಗೆ ಹೋಗುವಾಗ ಫೋನು, ಬಳೆ, ಉಂಗುರ ಎಲ್ಲ ಹೊರಗೇ ಬಿಡಬೇಕು. ಮೂರು ಗಂಟೆಗೊಂದು ಸಲ ಬಟ್ಟಲಿಗೆ ಹಾಲು ಹಿಂಡಿ ಕೊಡ್ತೀನಿ, ಅವರು ನಳಿಕೆಯಲ್ಲಿ ಕುಡಿಸ್ತಾರೆ. ನನ್ನ ಮಗಳ ಕಣ್ಣು ಯಾವ ಬಣ್ಣ ಅಂತ ನನಗಿನ್ನೂ ಗೊತ್ತಿಲ್ಲ. ಬಿಟ್ಟೇ ಇಲ್ಲ.

ಡಾಕ್ಟರ್ ಶುಭಾ ಅಂತ, ಒಳ್ಳೆಯವರು. ಮುಚ್ಚಿಟ್ಟು ಮಾತಾಡಲ್ಲ. ಈ ಔಷಧಿ ಎಳೇ ಮೆದುಳಿಗೆ ಏನೂ ಮಾಡಲ್ವಾ ಅಂತ ಕೇಳಿದೆ. 'ಫಿಟ್ಸ್ ನಿಲ್ಲಿಸದಿದ್ದರೆ ಮೆದುಳಿಗೆ ಏಟು, ಅದು ಗೊತ್ತು. ಔಷಧಿಯಿಂದ ಏನಾಗುತ್ತೆ ಅನ್ನೋದು ಪೂರ್ತಿ ಗೊತ್ತಿಲ್ಲ. ಎಳೇ ಇಲಿಮರಿಗಳಿಗೆ ಕೊಟ್ಟಾಗ ಮೆದುಳಲ್ಲಿ ಕೆಟ್ಟದ್ದು ಕಂಡಿದೆ. ಮಗುವಿಗೆ ಹಾಗಾಗುತ್ತೆ ಅನ್ನೋಕಾಗಲ್ಲ, ಆಗಲ್ಲ ಅನ್ನೋಕೂ ಆಗಲ್ಲ. ಅದಕ್ಕೇ ಎಷ್ಟು ಬೇಕೋ ಅಷ್ಟೇ, ಎಷ್ಟು ದಿನ ಬೇಕೋ ಅಷ್ಟೇ ದಿನ' ಅಂದರು. ನಾನು ಸಹಿ ಹಾಕಿದೆ. ಮದ್ದೂರು ತಾಲ್ಲೂಕು ಆಫೀಸಿನಲ್ಲಿ ದಿನಕ್ಕೆ ನೂರು ಜನರ ಹತ್ತಿರ ಸಹಿ ಹಾಕಿಸ್ತೀನಿ, ಓದಿಕೊಂಡು ಹಾಕಿ ಅಂತೀನಿ. ನಾನು ಓದಿಯೂ ಹಾಕಿದೆ, ಏನು ಓದಿದೆ ಅಂತ ಈಗ ಕೇಳಿದರೆ ಗೊತ್ತಿಲ್ಲ.

ಒಂದು ವಿಷಯ. ಮನೆಯಲ್ಲಿ ಯಾರಿಗಾದರೂ ಎಳೇದರಲ್ಲಿ ಫಿಟ್ಸ್ ಬಂದಿತ್ತಾ ಅಂತ ಕೇಳಿದರು. ಶಿವರಾಮು ಮಾವನಿಗೆ ಒಂದೂವರೆ ತಿಂಗಳಲ್ಲಿ ಬಾಲಗ್ರಹ ಆಗಿತ್ತು, ಅದಕ್ಕೇ ಅವರು ಮಂಕಾದರು ಅಂತ ನೀನು ಹೇಳ್ತಿದ್ದೆಯಲ್ಲ, ಅದನ್ನೇ ಹೇಳಿದೆ. ಡಾಕ್ಟರ್ ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದರು. ಹೇಗೆ ಬಂತು, ಎಷ್ಟು ಸಲ ಬಂತು ಅಂತ ಅಜ್ಜೀನ ಕೇಳಿ ಅಂದರು. ಅಮ್ಮ ಅಲ್ಲೇ ಇದ್ದಳು. 'ನಂಗೇನು ಗೊತ್ತು, ನಾನು ಚಿಕ್ಕೋಳು' ಅಂದು ನೀರು ತರೋಕೆ ಎದ್ದು ಹೋದಳು. ಬಾಟ್ಲಿ ತುಂಬಿತ್ತು.

ನೆನಪಿದ್ದಷ್ಟು ಬರಿ.

ನಿನ್ನ,
ಚೈತು

*

ಬಂಡೂರು
20 ಜುಲೈ 2025

ಚೈತು,

ನಿನ್ನ ಕಾಗದ ತಲುಪಿತು. ಕೂಸು ಕಣ್ಣು ಬಿಟ್ಟರೆ ಮೊದಲು ನನಗೆ ತಿಳಿಸು.

ಇಲ್ಲಿ ಕುರಿ ಮೂರು ಮರಿ ಹಾಕಿವೆ. ಶಿವರಾಮು ಎಣಿಸುವುದಿಲ್ಲ, ನಿನಗೆ ಗೊತ್ತಲ್ಲ. ಒಂದೊಂದಕ್ಕೂ ಒಂದು ಹೆಸರು. ಸಂಜೆ ಹಟ್ಟಿಗೆ ಕೂಡುವಾಗ ಹೆಸರು ಕರೆಯುತ್ತಾ ಹೋಗುತ್ತಾನೆ, ಕರೆದ ಹೆಸರಿಗೆ ಕುರಿ ಇಲ್ಲದಿದ್ದರೆ ಹುಡುಕಲು ಹೊರಡುತ್ತಾನೆ. ಒಂದು ಮರಿಗೆ ನಿನ್ನ ಕೂಸಿನ ಹೆಸರಿಡುತ್ತಾನಂತೆ. ಕೂಸಿಗೇ ಇನ್ನೂ ಹೆಸರಿಲ್ಲ ಕಣ್ಲಾ ಅಂದೆ. 'ಹಂಗಾರೆ ಕಾಯ್ತೀನಿ' ಅಂದ. ಆ ಮರಿಯನ್ನು ಈಗ ಹೆಸರಿಲ್ಲದೆ ಸುಮ್ಮನೆ ನೋಡಿ ಕೂಡುತ್ತಾನೆ.

ಅವನ ಬಾಲಗ್ರಹದ ವಿಷಯ ಕೇಳಿದ್ದೀಯ. ಊರಿಗೆಲ್ಲ ಹಾಗೆಂದೇ ಹೇಳಿದ್ದೆ. ಬಹಳ ವರ್ಷವಾಯಿತು. ಎಷ್ಟು ಸಲ ಅಂತ ಹೇಳಲಾರೆ.

ಸೊಪ್ಪು ಕಳಿಸಿದ್ದೇನೆ, ಬಾಣಂತಿಗೆ ಒಳ್ಳೆಯದು.

ಬೀರಮ್ಮ

*

ಮದ್ದೂರು
2 ಆಗಸ್ಟ್ 2025

ಅಜ್ಜಿ,

ಮನೆಗೆ ಕಳಿಸಿದರು. ಬಂಡೂರಿಗೆ ಬರೋ ಆಸೆ ಇತ್ತು, ಆದರೆ ಮಂಡ್ಯದ ಆಸ್ಪತ್ರೆಗೆ ಹತ್ತಿರ ಇರಬೇಕು ಅಂತ ಮದ್ದೂರಿನ ನಮ್ಮ ಮನೆಯಲ್ಲೇ ಇದ್ದೀವಿ. ಅಮ್ಮ ಬಾಣಂತನ ಮಾಡ್ತಿದ್ದಾಳೆ. ಮಗಳು ಕಣ್ಣು ಬಿಟ್ಟಳು. ನಿನ್ನದೇ ಕಣ್ಣು. ಆದರೆ ಬಿಟ್ಟ ಕಣ್ಣು ಹಾಗೇ ಮುಚ್ಚಿಕೊಳ್ತವೆ.

ಫಿಟ್ಸ್ ನಿಂತು ಎರಡು ವಾರದ ಮೇಲಾಯ್ತು. ಸಾಮಾನ್ಯವಾಗಿ ಮನೆಗೆ ಕಳಿಸೋ ಮೊದಲೇ ಈ ಔಷಧಿ ನಿಲ್ಲಿಸ್ತಾರಂತೆ. ನಮಗೆ ನಿಲ್ಲಿಸಲಿಲ್ಲ. ಯಾಕೆ ಅಂದೆ. ಮಾವನಿಗೂ ಎಳೇದರಲ್ಲೇ ಬಂದಿದ್ದರಿಂದ ಇದು ಮನೆತನದಲ್ಲೇ ಇರಬಹುದು, ಆರು ತಿಂಗಳು ಕೊಡೋಣ ಅಂದರು. ಆರು ತಿಂಗಳು ಅಂದರೆ ಅವಳು ಮಗ್ಗುಲಾಗೋದು, ನಗೋದು, ನನ್ನ ಮುಖ ಗುರುತು ಹಿಡಿಯೋದು ಎಲ್ಲ ಅದರೊಳಗೇ ಬರುತ್ತೆ.

ಎರಡು ಸಲ ಚೀಪ್ತಾಳೆ, ನಿದ್ದೆ ಹೋಗ್ತಾಳೆ. ಪಾದ ಉಜ್ಜಿ ಎಬ್ಬಿಸಿದರೆ ಇನ್ನೆರಡು ಸಲ. ಅಳೋದೇ ಇಲ್ಲ. ಪಕ್ಕದ ಮನೆಯವರು 'ಪುಣ್ಯ ಮಾಡಿದ್ದೀರಿ ಕಣಮ್ಮ, ಎಂಥ ಸಾಧು ಮಗು' ಅಂದರು. ಒಳಗೆ ಬಂದು ಅತ್ತುಬಿಟ್ಟೆ. ಇದು ಔಷಧಿಯ ನಿದ್ದೆಯೋ, ಹುಟ್ಟಿದಾಗಿನ ಪೆಟ್ಟೋ, ಅವಳ ಸ್ವಭಾವವೋ?

ಮೊನ್ನೆ ಒಂದು ಹೊತ್ತಿನ ಔಷಧಿ ಬಚ್ಚಲಿಗೆ ಚೆಲ್ಲಿದೆ. ಆಮೇಲೆ ಭಯವಾಗಿ ನಾನೇ ಡಾಕ್ಟರಿಗೆ ಫೋನು ಮಾಡಿದೆ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ವಾಪಸ್ಸು ಬರಬಹುದು ಅಂತ ಚೆನ್ನಾಗಿ ಬೈದರು. ನನಗೆ ಕೊಡೋಕೂ ಕೈ ಬರ್ತಿಲ್ಲ, ಬಿಡೋಕೂ ಧೈರ್ಯ ಇಲ್ಲ.

ಮಾವನ ವಿಷಯ ನೀನು ಸರಿಯಾಗಿ ಬರೆದಿಲ್ಲ, ಅಜ್ಜಿ. ಊರಿಗೆ ಏನು ಹೇಳಿದೆ ಅಂತ ಬರೆದಿದ್ದೀಯ. ನಾನು ಅದನ್ನ ಕೇಳಲಿಲ್ಲ.

ಚೈತು

*

ಬಂಡೂರು
12 ಆಗಸ್ಟ್ 2025

ಚೈತನ್ಯಾ,

ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಒಲೆಗೆ ಹಾಕಿದೆ. ಇದು ಐದನೆಯದು. ಕನಕರಾಜು ಹೊರಗೆ ಬೈಕಿನ ಹತ್ತಿರ ಕಾಯುತ್ತಿದ್ದಾನೆ, ಆದ್ದರಿಂದ ಒಲೆಗೆ ಹಾಕಲು ಆಗುವುದಿಲ್ಲ.

ಶಿವರಾಮುಗೆ ಬಾಲಗ್ರಹ ಆಗಿರಲಿಲ್ಲ. ಅದು ನಾನು ಕಟ್ಟಿದ ಮಾತು.

ಅವನು ಹುಟ್ಟಿ ಒಂದೂವರೆ ತಿಂಗಳಿಗೆ ನಾಟಿ ಬಂತು. ನಿಮ್ಮ ತಾತ ಲಿಂಗಯ್ಯ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿದ್ದ. ಬದುವಿನ ಹೊಂಗೆ ಮರಕ್ಕೆ ಸೀರೆ ಜೋಲಿ ಕಟ್ಟಿ, ಏಳು ವರ್ಷದ ಮಾಯಿಯನ್ನು ಕಾವಲಿಗೆ ಕೂರಿಸಿ ನಾನು ಗದ್ದೆಗೆ ಇಳಿಯುತ್ತಿದ್ದೆ. ಕೂಸು ಬಹಳ ಅಳುವುದು. ಅದು ಅತ್ತರೆ ನನ್ನ ಎದೆ ಸೋರಿ ರವಿಕೆ ನೆನೆಯುವುದು, ಎದ್ದು ಹೋದರೆ ಸಾಲಿನಲ್ಲಿ ಹಿಂದೆ ಬೀಳುವುದು. ಮುಂದಾಳು ಮಲ್ಲಿಗಮ್ಮ, 'ಲೇ ಬೀರಿ, ಪೈರು ನೆಡೋಕೆ ಬಂದಿದ್ದೀಯೋ, ಮೊಲೆ ಕೊಡೋಕೆ ಬಂದಿದ್ದೀಯೋ' ಅನ್ನೋಳು. ಎಲ್ಲರೂ ನಗೋರು. ನಾನೂ ನಗುತ್ತಿದ್ದೆ.

ತಿಂಗಳು ತುಂಬಿದ ಕೂಸಿಗೆ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ಒಂದು ಸುತ್ತು ತೇದು, ಎದೆಹಾಲಲ್ಲಿ ಕಲಸಿ ನಾಲಿಗೆಗೆ ಸವರುವುದು ನಮ್ಮ ಪದ್ಧತಿ. ಒಂದು ಸುತ್ತು ಅಂದರೆ ಕಾಯಿಯನ್ನು ಕಲ್ಲಿನ ಮೇಲೆ ಒಂದು ಸಲ ತಿರುಗಿಸುವುದು, ಅಷ್ಟೇ. ನಾನು ಎಂಟು ಸುತ್ತು ತೇದೆ. ಅವನು ಬೆಳಿಗ್ಗೆ ಮಲಗಿದವನು ಹೊತ್ತು ಇಳಿಯುವವರೆಗೂ ಏಳಲಿಲ್ಲ. ಮಾರನೇ ದಿನವೂ ತೇದೆ. ನಾಟಿ ಮುಗಿಯುವವರೆಗೆ ಹದಿನೆಂಟು ದಿನ. ಬೇರೆ ಹೆಂಗಸರು ಬಂದು, ನಮ್ಮದಕ್ಕೂ ತೇದುಕೊಡು ಅಂದರು. 'ನಿದ್ದೆ ಬೀರಮ್ಮ' ಅಂತ ಹೆಸರಿಟ್ಟರು. ನನಗೆ ಹೆಮ್ಮೆಯಾಗಿತ್ತು, ಅದನ್ನೂ ಬರೆದುಬಿಡುತ್ತೇನೆ.

ಆಮೇಲೆ ಅವನು ನಡೆದದ್ದು ಮೂರು ವರ್ಷಕ್ಕೆ. ಅವ್ವ ಅಂದದ್ದು ಐದಕ್ಕೆ. ಯಾಕೆ ಹಿಂಗೆ ಅಂತ ಕೇಳಿದವರಿಗೆ ಬಾಲಗ್ರಹ ಅಂದೆ. ಗ್ರಹ ಅಂದರೆ ಯಾರೂ ತಾಯಿ ಕಡೆ ತಿರುಗಿ ನೋಡುವುದಿಲ್ಲ.

ಆದರೆ ಕೇಳು. ಬೋರಯ್ಯನ ಮಗ ನಾಗರಾಜುಗೂ ಅದೇ ಎಂಟು ಸುತ್ತು ಕೊಟ್ಟಿದ್ದೆ. ಅವನು ಈಗ ಮಳವಳ್ಳಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾನೆ. ದಾರಿಯಲ್ಲಿ ಸಿಕ್ಕಿದರೆ ನಿಂತು ಮಾತಾಡಿಸುತ್ತಾನೆ, ನಾನು ಅವನ ಮುಖವನ್ನೇ ನೋಡುತ್ತೇನೆ. ಅವನಿಗೆ ಏನೂ ಆಗಲಿಲ್ಲವಲ್ಲ. ಶಿವರಾಮು ಹುಟ್ಟಿದಾಗಲೇ ನೀಲಿಗಟ್ಟಿದ್ದ, ಸೂಲಗಿತ್ತಿ ಕಾಲು ಹಿಡಿದು ಬೆನ್ನು ತಟ್ಟಿದ ಮೇಲೆ ಉಸಿರಾಡಿದ. ಒಂದು ದಿನ ಜೋಲಿಯಲ್ಲಿ ಕೈ ಸೆಟೆದುಕೊಂಡಿದ್ದನ್ನೂ ಕಂಡೆ. ಬೆಚ್ಚಿದ್ದೋ, ಫಿಟ್ಸೋ. ಅದು ಜಾಯಿಕಾಯಿ ಕೊಡುವುದಕ್ಕೆ ಮೊದಲೋ, ಕೊಟ್ಟ ಮೇಲೋ. ನಲವತ್ತೈದು ವರ್ಷದಿಂದ ಒಂದು ದಿನ ಮೊದಲು ಅನ್ನಿಸುತ್ತದೆ, ಒಂದು ದಿನ ಆಮೇಲೆ ಅನ್ನಿಸುತ್ತದೆ. ಹೇಳಿ ಹೇಳಿ, ಬಾಲಗ್ರಹ ನಿಜವಾಗಿಯೂ ಆಗಿತ್ತೇನೋ ಅಂತಲೂ ಅನ್ನಿಸಿದ್ದುಂಟು. ಈಗಲೂ, ಮೇಲೆ ಆಗಿರಲಿಲ್ಲ ಅಂತ ಬರೆದವಳೇ, ಕೆಳಗೆ ಬರುವ ಹೊತ್ತಿಗೆ ಸಂಶಯಪಡುತ್ತಿದ್ದೇನೆ.

ಒಂದಂತೂ ಖಂಡಿತ. ನಾನು ಕಟ್ಟಿದ ಮಾತಿನಿಂದ ನಿನ್ನ ಕೂಸಿಗೆ ಆರು ತಿಂಗಳ ನಿದ್ದೆ ಬರೆಯಬಾರದು. ಈ ಕಾಗದವನ್ನು ಡಾಕ್ಟರಮ್ಮನಿಗೆ ಪೂರ್ತಿ ಓದಿ ಹೇಳು. ನನ್ನ ಹೆಸರು ಬಿಡಬೇಡ. ಅವರು ಹೇಳುವವರೆಗೆ ನೀನಾಗಿ ಒಂದು ತೊಟ್ಟನ್ನೂ ನಿಲ್ಲಿಸಬೇಡ.

ಬೀರಮ್ಮ

*

ಮದ್ದೂರು
18 ಆಗಸ್ಟ್ 2025

ಅಜ್ಜಿ,

ಮೊದಲ ದಿನ ನಿನಗೆ ಉತ್ತರ ಬರೆಯೋದೇ ಬೇಡ ಅಂದುಕೊಂಡೆ. ಹೆತ್ತ ಕೂಸಿಗೆ ಹೇಗೆ ಮನಸ್ಸು ಬಂತು ಅನ್ನಿಸ್ತು. ಹಾಗೆ ಅಂದುಕೊಳ್ತಾ ಇರುವಾಗಲೇ ಎಂಟು ಗಂಟೆಯಾಯ್ತು, ಎದ್ದು ನನ್ನ ಮಗಳ ಬಾಯಿಗೆ ಪಿಚಕಾರಿಯಲ್ಲಿ ಔಷಧಿ ಬಿಟ್ಟೆ. ಆಮೇಲೆ ನಿನ್ನ ಮೇಲೆ ಅಷ್ಟು ಜೋರಾಗಿ ಸಿಟ್ಟಾಗೋಕೆ ಆಗಲಿಲ್ಲ.

ಡಾಕ್ಟರ್ ನಿನ್ನ ಕಾಗದ ತಾವೇ ಇಸ್ಕೊಂಡು ಎರಡು ಸಲ ಓದಿದರು. ಮಾವ ಹೀಗಾಗಿದ್ದು ಜಾಯಿಕಾಯಿಯಿಂದಲಾ ಅಂತ ಕೇಳಿದೆ. ಯಾರೂ ಹೇಳೋಕಾಗಲ್ಲ ಅಂದರು. ಅಷ್ಟು ಎಳೇ ಕೂಸಿಗೆ ಅಷ್ಟು ಕೊಟ್ಟದ್ದು ತಪ್ಪು, ಉಸಿರೇ ನಿಲ್ಲಬಹುದಿತ್ತು, ಆದರೆ ಹುಟ್ಟಿದಾಗ ನೀಲಿಗಟ್ಟಿದ್ದೇ ಕಾರಣ ಇರಬಹುದು, ಎರಡೂ ಸೇರಿರಬಹುದು, ಎರಡೂ ಅಲ್ಲದೆ ಇರಬಹುದು ಅಂದರು. ನಾನು ಉತ್ತರ ಕೇಳಿದರೆ ಅವರು ಮೂರು ಪ್ರಶ್ನೆ ಕೊಟ್ಟರು.

ಆದರೆ ಹಾಳೆಯಲ್ಲಿ ಮಾವನ ಹೆಸರಿನ ಕೆಳಗಿದ್ದ ಗೆರೆಯ ಪಕ್ಕ 'ಖಚಿತವಿಲ್ಲ' ಅಂತ ಬರೆದರು. ಮಗುವಿನ ತಲೆಗೆ ವೈರು ಅಂಟಿಸಿ ಮತ್ತೆ ಪರೀಕ್ಷೆ ಮಾಡಿದರು. ಚೆನ್ನಾಗಿ ಬಂದಿದೆ. ವಾರ ವಾರ ಸ್ವಲ್ಪ ಇಳಿಸ್ತಾ ಸೆಪ್ಟೆಂಬರ್ ಕೊನೆಗೆ ನಿಲ್ಲಿಸೋಣ ಅಂದಿದ್ದಾರೆ. ಫಿಟ್ಸ್ ವಾಪಸ್ಸು ಬಂದರೆ? ಬಂದರೆ ಆಗ ನೋಡೋಣ ಅಂದರು.

ಇನ್ನೊಂದು. ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಿಸ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ಅಂದಳು: 'ಎಂಟಲ್ಲ ಕಣೆ. ಅವ್ವ ಎಂಟು ಸುತ್ತು ತೇದು ಕುಡಿಸಿ ಗದ್ದೆಗೆ ಇಳಿಯೋಳು. ಕಲ್ಲು, ಕಾಯಿ ನನ್ನ ಪಕ್ಕದಲ್ಲೇ ಇರೋದು. ಒಂದಿನ ಮಧ್ಯಾಹ್ನ ಅವನು ಎದ್ದು ಅಳೋಕೆ ಸುರು ಮಾಡ್ದ. ಎಲ್ಲಾರೂ ಅವ್ವನ್ನ ನಗಾಡ್ತಾರೆ ಅಂತ ನಾನೇ ತೇದೆ, ಬಟ್ಟಲಲ್ಲಿ ಹಾಲಿತ್ತು. ಎಷ್ಟು ಸುತ್ತು ಗೊತ್ತಿಲ್ಲ. ಕೈ ಸೋಲೋವರ್ಗೂ ತೇದೆ. ಅವತ್ತು ಅವನು ಕತ್ತಲಾದ್ರೂ ಏಳ್ಲಿಲ್ಲ.'

ಯಾರಿಗೂ ಹೇಳಿಲ್ಲವಂತೆ. ಅಪ್ಪನಿಗೂ.

ಈ ಮಾತು ಡಾಕ್ಟರಿಗೆ ಬೇಕಾಗಿಲ್ಲ. ನಿನಗೆ ಬೇಕಾ ಬೇಡವಾ ಅಂತ ಗೊತ್ತಾಗದೆ ಬರೆದಿದ್ದೀನಿ.

ಚೈತು

*

ಬಂಡೂರು
21 ಆಗಸ್ಟ್ 2025

ಮಗಳು ಮಾಯಿಗೆ,

ಇದು ನಿನಗೆ ಬರೆಯುತ್ತಿರುವ ಮೊದಲ ಕಾಗದ. ನೀನು ಹಲಗೂರಿನಲ್ಲಿ ಗಂಡನ ಮನೆ ಸೇರಿದಾಗಿಂದ ಬಸ್ಸು ಹತ್ತಿದರೆ ಬರುವಷ್ಟು ದೂರದಲ್ಲೇ ಇದ್ದೆ, ಅದಕ್ಕೇ ಬರೆಯಲಿಲ್ಲವೋ ಏನೋ. ತಪ್ಪಿದ್ದರೆ ನೀನೇ ತಿದ್ದು.

ಗದ್ದೆಯಿಂದ ಬಂದಾಗಲೆಲ್ಲ ನೀನು ಜೋಲಿಯ ಹಗ್ಗ ಹಿಡಿದುಕೊಂಡೇ ಕೂತಿರುತ್ತಿದ್ದೆ. ಮಲಗಿರುವ ಕೂಸನ್ನು ಯಾಕೆ ತೂಗುತ್ತಿ ಬಿಡು ಅಂದರೂ ಬಿಡುತ್ತಿರಲಿಲ್ಲ. ಈಗ ತಿಳಿಯಿತು.

ಕಲ್ಲು ಇಟ್ಟು ಹೋದವಳು ನಾನು. ಏಳು ವರ್ಷದವಳ ಪಕ್ಕ ಇಟ್ಟು ಹೋದವಳು ನಾನು. ಹಬ್ಬಕ್ಕೆ ಬಂದಾಗಲೆಲ್ಲ ನೀನು ಎಲ್ಲರಿಗಿಂತ ಮೊದಲು ಶಿವರಾಮುವಿನ ಬಟ್ಟೆ ಒಗೆಯಲು ಕೂರುತ್ತಿದ್ದೆ. ತಮ್ಮನ ಮೇಲಿನ ಪ್ರೀತಿ ಅಂದುಕೊಂಡಿದ್ದೆ. ಪ್ರೀತಿ ಅಲ್ಲ ಅಂತ ಈಗಲೂ ಅನ್ನುವುದಿಲ್ಲ. ಅದು ಬೇರೆ ಏನೋ ಕೂಡ ಆಗಿತ್ತು ಅಂತ ನನಗೆ ಗೊತ್ತಿರಲಿಲ್ಲ. ಒಂದೇ ಮಾತನ್ನು ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿ, ಒಂದೇ ಒಲೆ ಮುಂದೆ ಕೂತು ಉಂಡಿದ್ದೇವೆ.

ನಿನಗೆ ಸಮಾಧಾನ ಹೇಳುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ. ನಿನ್ನದೇನೂ ತಪ್ಪಿಲ್ಲ ಅನ್ನಬಹುದು. ಹಾಗಂದರೆ ನೀನು ನಂಬುವುದಿಲ್ಲ, ನಿನ್ನನ್ನು ಹೆತ್ತವಳು ನಾನು. ಆದ್ದರಿಂದ ಇಷ್ಟು ಹೇಳುತ್ತೇನೆ. ಆ ದಿನ ನನ್ನನ್ನು ನಗಾಡಬಾರದು ಅಂತ ಯೋಚಿಸಿದವಳು ಆ ಗದ್ದೆಯಲ್ಲಿ ನೀನೊಬ್ಬಳೇ.

ನಿಮ್ಮವ್ವ,
ಬೀರಮ್ಮ

*

ಮದ್ದೂರು
9 ಅಕ್ಟೋಬರ್ 2025

ಅಜ್ಜಿ,

ಔಷಧಿ ಪೂರ್ತಿ ನಿಲ್ಲಿಸಿ ಹನ್ನೊಂದು ದಿನ. ಫಿಟ್ಸ್ ಬಂದಿಲ್ಲ. ಕೈ ಅಲ್ಲಾಡಿದರೂ ನಾನೂ ಅವರೂ ಎದ್ದು ನೋಡ್ತೀವಿ. ಹೆಚ್ಚಿನ ಸಲ ಅದು ನೊಣ.

ಅಳ್ತಾಳೆ. ಬೆಳಗಾದರೆ ಸುರು. ಸಾಧು ಮಗು ಅಂದಿದ್ದ ಪಕ್ಕದ ಮನೆಯವರು ಈಗ ಕಿಟಕಿ ಹಾಕಿಕೊಳ್ತಾರೆ. 'ಮಲಗೋ ಹಾಗೆ ಏನಾದ್ರೂ ಕೊಡಿ' ಅಂತ ಅವರೇ ಹೇಳಿದಾಗ ಅಮ್ಮ ಎದ್ದು ಬಾಗಿಲು ಹಾಕಿದಳು.

ಎಲ್ಲ ಸರಿಯಾಯ್ತಾ ಅಂತ ಡಾಕ್ಟರನ್ನ ಕೇಳಿದೆ. ಎರಡು ವರ್ಷ ಆಗಲಿ, ನಡೆಯೋದು ಮಾತಾಡೋದು ನೋಡಿ ಹೇಳ್ತೀನಿ ಅಂದರು. ಎರಡು ವರ್ಷ ಹೀಗೇ ನೋಡ್ತಾ ಇರಬೇಕು. ನೀನು ನಲವತ್ತೈದು ವರ್ಷ ಹೇಗಿದ್ದೆಯೋ.

ದೀಪಾವಳಿ ಕಳೆದ ಮೇಲೆ ಕರ್ಕೊಂಡು ಬರ್ತೀವಿ. ಅಮ್ಮ ನಿನ್ನ ಕಾಗದ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಎರಡು ಕಡೆ ಒತ್ತು ತಪ್ಪಿದೆಯಂತೆ.

ಚೈತು

*

ಬಂಡೂರು
30 ಅಕ್ಟೋಬರ್ 2025

ಚೈತು,

ನೀವು ಹೊರಟು ಎರಡು ದಿನವಾಯಿತು. ಮಾಯಿಯೂ ನಾನೂ ಹೆಚ್ಚು ಮಾತಾಡಲಿಲ್ಲ ಅಂತ ನಿನಗೆ ಬೇಜಾರಾಗಿರಬಹುದು. ನೀನು ಸ್ನಾನಕ್ಕೆ ಹೋಗಿದ್ದಾಗ ಅವಳು ನನ್ನ ತಲೆ ಬಾಚಿದಳು. ಮದುವೆಗೆ ಮೊದಲು ಬಾಚುತ್ತಿದ್ದಳು, ಆಮೇಲೆ ಇದೇ ಮೊದಲು.

ನೀನು ಕೇಳದೆ ಹೋದದ್ದನ್ನು ಹೇಳುತ್ತೇನೆ. ನೀವು ಬರುವ ಮುಂಚಿನ ದಿನ ಶಿವರಾಮುಗೆ ಎಲ್ಲ ಹೇಳಿದೆ. ಕುಂಟುತ್ತಿದ್ದ ಮರಿಯ ಕಾಲಿಗೆ ಹಚ್ಚಲು ಅಟ್ಟದಿಂದ ಮತ್ತೆ ಇಳಿಸಿದ ಆ ಸಾಣೆಕಲ್ಲಿನ ಮೇಲೇ ಅರಿಶಿನ ತೇಯುತ್ತಿದ್ದೆ, ಅವನು ಮರಿ ಹಿಡಿದು ಕೂತಿದ್ದ. ನನ್ನ ಕಿವಿಗೆ ಕೇಳಲಿ ಅಂತ ಅವನು ಯಾವಾಗಲೂ ಎದುರು ಕೂತು ನಿಧಾನ ಮಾತಾಡುತ್ತಾನೆ. ಊರಿನಲ್ಲಿ ಅವನ ಮಾತೊಂದೇ ನನಗೆ ಪೂರ್ತಿ ತಿಳಿಯುವುದು.

'ಆಗ ನಾನು ನಿದ್ದೆ ಮಾಡ್ತಿದ್ನಾ?' ಅಂದ.

ಹೂಂ ಅಂದೆ.

'ನೀನು?'

ನಾಟಿ ಹಾಕುತ್ತಿದ್ದೆ.

'ಮಾಯಕ್ಕ?'

ನಿನ್ನನ್ನು ತೂಗುತ್ತಿದ್ದಳು.

ಅವನು, 'ಹಂಗಾರೆ ಯಾರೂ ಸುಮ್ಕೆ ಕುಂತಿರ್ಲಿಲ್ಲ' ಅಂದು ಮರಿಯ ಇನ್ನೊಂದು ಕಾಲು ನೋಡಿದ. ನಾನು ಹೇಳಿದ್ದು ಅವನಿಗೆ ಅರ್ಥವಾಯಿತೋ ಇಲ್ಲವೋ, ಅವನು ಹೇಳಿದ್ದು ನನಗೆ ಅರ್ಥವಾಯಿತೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಮಾರನೇ ದಿನ ನೀವು ಬಂದಿರಿ. ನೀನು ಕೂಸನ್ನು ನನ್ನ ತೊಡೆ ಮೇಲೆ ಹಾಕಿ ಮಾಯಿ ಜೊತೆ ಹಿತ್ತಲಿಗೆ ಹೋದೆ. ನಾನು ಅದರ ಬೆರಳು ಬಿಡಿಸಿ ನೋಡುತ್ತಾ ಕೂತಿದ್ದೆ. ಶಿವರಾಮು ಹಟ್ಟಿಯಿಂದ ಓಡಿ ಬಂದು ನನ್ನ ಮುಂದೆ ಕುಕ್ಕರಿಸಿ, 'ಅವ್ವ, ಕೂಸು ಅಳ್ತಾ ಅದೆ ಕಣವ್ವ. ಕೇಳಕಿಲ್ವಾ' ಅಂದ.

ಕೇಳಿಸಿರಲಿಲ್ಲ. ಅವನು ನನ್ನ ಕೈ ಹಿಡಿದು ಕೂಸಿನ ಎದೆಯ ಮೇಲೆ ಇಟ್ಟ. ಅಳು ಕೈಗೆ ಬಡಿಯಿತು. ಸುಮ್ಮನಿರಿಸಲೇನೋ ಎಂದು ನಾನು ತೊಡೆ ಅಲ್ಲಾಡಿಸಿದೆ. ಅವನು, 'ಬುಡು, ಅಳ್ಲಿ' ಅಂದ.

ನೀವು ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

ಆಶೀರ್ವಾದಗಳೊಂದಿಗೆ,
ಬೀರಮ್ಮ